ಜುಲೈಗೆ ಆಳದ ಬಟ್ಟಲೇ ಇರಲಿ

ಜುಲೈ ತಿಂಗಳಿಗಂತ ಜಪಾನಿ ಚಹಾದ ಅಗಲ ಬಾಯಿಯ ತಗ್ಗು ಬಟ್ಟಲು ಅಲ್ಲಿಂದಲೇ ತರಿಸಲೇನು ಅತ್ತಿ, ಎಂದು ಕೇಳಿದ್ದೀಯಲ್ಲ ಯವ್ವಾ. ಬೇಡ. ರೊಕ್ಕ ಉಳಿಯಲಿ ಎಂದಲ್ಲ, ಆ ಬಟ್ಟಲಿಗೆ ನಮ್ಮೂರು ಪಾರಿಶ್ವಾಡದ ಜುಲೈಯಲ್ಲಿ ಕೆಲಸವೇ ಇಲ್ಲ.

ಕ್ಯೋಟೊ ಮೂರು ಕಡೆ ಗುಡ್ಡ ಸುತ್ತಿದ ತಗ್ಗಿನ ಊರು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಗಾಳಿ ಅಲುಗಾಡುವುದಿಲ್ಲ. ಉಟ್ಟ ಬಟ್ಟೆ ಮೈಗಂಟಿ ಜೀವ ಬೇಯುತ್ತದೆ. ಅದಕ್ಕೇ ತಗ್ಗು ಬಟ್ಟಲು: ಚಹಾ ಬೇಗ ಆರಬೇಕು, ಅಗಲಕ್ಕೆ ಹರಡಿದ ಹಸಿರು ನೋಡಿ ಅತಿಥಿಯ ಕಣ್ಣಾದರೂ ತಂಪಾಗಬೇಕು. ಇಲ್ಲಿ ಅದೇ ಹೊತ್ತಿಗೆ ಪುನರ್ವಸು, ಪುಷ್ಯ ಮಳೆ ಹಿಡಿದಿರುತ್ತವೆ. ಜಾಂಬೋಟಿ, ಕಣಕುಂಬಿ ಕಡೆಯಿಂದ ಬರುವ ಗಾಳಿಗೆ ಕಿಟಕಿ ಹಾಕಿಕೊಂಡು ನಿಮ್ಮಪ್ಪ ಹಗಲಲ್ಲೇ ಶಾಲು ಹೊದ್ದು ಕೂತಿರುತ್ತಾನೆ. ತಗ್ಗು ಬಟ್ಟಲಲ್ಲಿ ಕಡೆದು ಅವನ ಮುಂದಿಟ್ಟರೆ ತುಟಿಗೆ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂಬುದು ಈ ಚಹಾದ ದೊಡ್ಡ ಗುರು ರಿಕ್ಯೂ ಹಾಕಿಕೊಟ್ಟ ಕಟ್ಟಳೆಗಳಲ್ಲಿ ಒಂದು. ಆ ಮನುಷ್ಯ ತಿಂಗಳ ಹೆಸರು ಹೇಳಲಿಲ್ಲ, ಮೈಗೆ ಆಗುವುದನ್ನು ಹೇಳಿದ.

ನೀನು ಬೆಂಗಳೂರಿನಲ್ಲಿ ಕಲಿತ ಈ ಚಹಾದ ವಿದ್ಯೆಯನ್ನು, ಮನೆಯಲ್ಲೇ ಕೂತು ಆಫೀಸು ಕೆಲಸ ಮಾಡುವ ಸವಲತ್ತು ಸಿಕ್ಕ ಮೇಲೆ ಊರಿಗೆ ತಂದಿದ್ದೀ. ನಾನು ನಿನ್ನ ಮಾಮಾನ ನೌಕರಿಯ ನೆಪದಲ್ಲಿ ಒಸಾಕಾದಲ್ಲಿದ್ದಾಗ ಓಣಿಯ ಒಬ್ಬ ಮುದುಕಿಯ ಹತ್ತಿರ ಕಲಿತದ್ದನ್ನು ಈ ಹಂಚಿನ ಮನೆಗೆ ತಂದೆ. ಇಬ್ಬರಿಗೂ ತೊಡಕು ಒಂದೇ. ಕೈಗೆ ಬಂದ ಕ್ರಮ ಅಲ್ಲಿಯದು, ತಲೆಯ ಮೇಲಿನ ಮಳೆ ಇಲ್ಲಿಯದು. ಇದರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿನಗೆ ಗೊಂದಲ. ನಾನು ಹೇಳುವುದು ಇಷ್ಟು: ಕೈಯ ಕ್ರಮದಲ್ಲಿ ಒಂದು ಬೆರಳೂ ಬದಲಿಸಬೇಡ, ಕಾಲವನ್ನು ಮಾತ್ರ ಕ್ಯೋಟೊದಿಂದ ತರಿಸಬೇಡ.

ಹೊರಗಿನವರು ಈ ಚಹಾ ಎಂದರೆ ಮೆಲ್ಲಗೆ ಕೂತು ಮೆಲ್ಲಗೆ ಕುಡಿಯುವ ಶಾಸ್ತ್ರ ಎಂದುಕೊಂಡಿದ್ದಾರೆ. ಕಲಿತವಳಿಗೆ ಗೊತ್ತು, ಅರ್ಧ ವಿದ್ಯೆ ಇರುವುದು ಬೆಂಕಿಯನ್ನು ಎಲ್ಲಿಡಬೇಕು ಎಂಬುದರಲ್ಲಿ. ನವೆಂಬರಿನಿಂದ ಏಪ್ರಿಲ್ ಮುಗಿಯುವ ತನಕ ನೆಲದಲ್ಲಿ ತೋಡಿದ ಚೌಕ ಒಲೆ, ಅದು ರೊ. ಒಂದು ಬದಿ ಸುಮಾರು 42 ಸೆಂಟಿಮೀಟರ್. ಅತಿಥಿಗೆ ಹತ್ತಿರವಾಗಿ, ಕೋಣೆಯ ನಡುಭಾಗಕ್ಕೆ ಬಂದಂತೆ ಇರುತ್ತದೆ, ಕಾವು ಅವರಿಗೂ ತಾಗಲಿ ಎಂದು. ಮೇ ಬಂತೆಂದರೆ ಅದನ್ನು ಮುಚ್ಚಿ ನೆಲದ ಮೇಲಿಡುವ ಫುರೊ ತೆಗೆಯುತ್ತಾರೆ. ನಮ್ಮ ಶೇಗಡಿ ಎನ್ನು. ಅದು ಅತಿಥಿಯಿಂದ ದೂರ, ಗೋಡೆಯ ಕಡೆಗೆ. ಬೆಂಕಿ ಜಾಗ ಬದಲಿಸಿದ ಕೂಡಲೇ ಉಳಿದದ್ದೆಲ್ಲ ಬದಲಾಗುತ್ತದೆ. ನೀನು ಕೂರುವ ಕೋನ ಬೇರೆ. ನೀರು ಮೊಗೆಯುವ ಬಿದಿರ ಸೌಟಿನ ಹಿಡಿಯನ್ನು ಕತ್ತರಿಸುವ ರೀತಿ ಬೇರೆ. ಇದ್ದಿಲಿನ ಅಳತೆ ಬೇರೆ. ಕೆಂಡದ ಹತ್ತಿರ ಇಡುವ ಧೂಪ ಕೂಡ ಬೇರೆ: ಚಳಿಗಾಲಕ್ಕೆ ಜೇನು ಗೀನು ಹಾಕಿ ನಾದಿದ ಉಂಡೆ, ಬೇಸಿಗೆಗೆ ಗಂಧದ ಚಕ್ಕೆ. ಆ ಗಂಧದ ಚಕ್ಕೆಯಲ್ಲಿ ಮೈಸೂರು ಕಡೆಯದ್ದಕ್ಕೆ ಜಪಾನಿನ ಧೂಪದಂಗಡಿಗಳಲ್ಲಿ ಇರುವ ಮರ್ಯಾದೆ ನೋಡಿ ನನಗೆ ಅಲ್ಲಿ ಎಷ್ಟೋ ಸಲ ಎದೆಯುಬ್ಬಿತ್ತು. ನಮ್ಮ ಮನೆಯ ದೇವರ ಜಗಲಿಯಲ್ಲಿ ತೇಯ್ದು ಸವೆದ ಕೊರಡು ಬಿದ್ದುಕೊಂಡಿತ್ತಲ್ಲ, ಅದನ್ನು ನೆನೆದು.

ಇನ್ನೂ ಒಂದು ಸೂಕ್ಷ್ಮ ಇದೆ. ಅಕ್ಟೋಬರಿನಲ್ಲಿ, ರೊ ತೆರೆಯುವ ಮೊದಲು, ಚಳಿ ಸಣ್ಣಗೆ ಶುರುವಾದಾಗ ಶೇಗಡಿಯನ್ನು ಗೋಡೆಯ ಕಡೆಯಿಂದ ಸರಿಸಿ ನಡುವೆ ತರುತ್ತಾರೆ. ನಾಕಾಒಕಿ ಎನ್ನುತ್ತಾರೆ ಅದಕ್ಕೆ. ಇದನ್ನು ನೆನಪಿಟ್ಟುಕೊ, ಪಾರಿಶ್ವಾಡದಲ್ಲಿ ನಿನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಆರು ತಿಂಗಳಿಗೊಮ್ಮೆ ಹೀಗೆ ಎಲ್ಲ ತಿರುವುಮುರುವಾದಾಗ, ಕೈಗೆ ಆಗಷ್ಟೇ ಒಲಿದದ್ದು ಮತ್ತೆ ತಪ್ಪಿಹೋಗುತ್ತದೆ. ನನ್ನ ಗುರು ನವೆಂಬರ್ ತಿಂಗಳ ಮೊದಲ ಪಾಠದಲ್ಲಿ ಶಿಷ್ಯರು ತಡವರಿಸುವುದನ್ನು ನೋಡಿ ನಗುತ್ತಿದ್ದಳು, ಬೈಯುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿದೆ ಎಂದರೆ ಮನಸ್ಸು ಎಲ್ಲೋ ಹೋಗಿದೆ ಎಂದೇ ಲೆಕ್ಕ, ಕಾಲ ಬದಲಾದದ್ದು ಅದನ್ನು ಹಿಡಿದು ತರುವುದಕ್ಕೆ ಎನ್ನುವ ಧಾಟಿ ಅವಳದು. ಆದ್ದರಿಂದ ನೀನು ಕೇಳಿದ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನೆಲ ಅಗೆಯುವ ಹಾಗಿಲ್ಲ, ವರ್ಷವಿಡೀ ಶೇಗಡಿಯಲ್ಲೇ ಮಾಡಿದರೆ ನಡೆಯುವುದಿಲ್ಲವೇ ಎಂದೆಯಲ್ಲ? ನಡೆಯುತ್ತದೆ, ಆದರೆ ಬೇಡ. ಪಡಸಾಲೆಯ ಫರಸಿ ಕೀಳಿಸಿದರೆ ನಿಮ್ಮಪ್ಪ ನಿನ್ನನ್ನೂ ನನ್ನನ್ನೂ ಕೂಡಿಸಿ ಹೊರಗೆ ಹಾಕುತ್ತಾನೆ. ಬಡಿಗೇರನಿಗೆ ಹೇಳಿ ಮರದ ಚೌಕ ಪೆಟ್ಟಿಗೆ ಮಾಡಿಸು, ಒಳಗೆ ತಗಡು ಹೊದೆಸಲಿ, ಬೂದಿ ತುಂಬು. ನೆಲದ ಮೇಲಿಡುವ ಇಂಥ ಒಲೆ ಜಪಾನಿನಲ್ಲೂ ಇದೆ, ನಾವು ಹೊಸದಾಗಿ ಹುಟ್ಟಿಸಿದ್ದಲ್ಲ.

ಈಗ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಮಾತು. ಗುರುಗಳು ಕೊಟ್ಟ ತಿಂಗಳ ಪಟ್ಟಿಯನ್ನು ಮುರಿದರೆ ಅಪಚಾರವಾದೀತು ಎಂಬ ಹೆದರಿಕೆ ನಿನಗಿದೆ. ಆ ಪಟ್ಟಿ ಎಷ್ಟು ಹಳೆಯದು ಎಂದು ವಿಚಾರ ಮಾಡಿದ್ದೀಯಾ? ಮೊದಲು ರೊ ತೆರೆಯುತ್ತಿದ್ದದ್ದು ಅವರ ಹಳೆಯ ಚಾಂದ್ರಮಾನದ ಹತ್ತನೆಯ ತಿಂಗಳಲ್ಲಿ. 1873ರಲ್ಲಿ ಜಪಾನ್ ಸರಕಾರ ಪಾಶ್ಚಾತ್ಯ ಕ್ಯಾಲೆಂಡರ್ ತಂದಾಗ ಎಲ್ಲ ಹಬ್ಬಗಳ ಹಾಗೆ ಇದೂ ಜರುಗಿತು. ರಿಕ್ಯೂನ ವಿಷಯದಲ್ಲಿ ಹೇಳಿಕೊಂಡು ಬಂದ ಮಾತು ಇನ್ನೂ ಚೆಂದ: ಯುಜು ಎಂಬ ನಿಂಬೆ ಜಾತಿಯ ಕಾಯಿ ಹಳದಿಗೆ ತಿರುಗಿದಾಗ ಒಲೆ ತೆರೆಯಬೇಕಂತೆ. ಹಿತ್ತಲ ಕಾಯಿ ನೋಡಿ ಬೆಂಕಿಯ ಜಾಗ ಬದಲಿಸಿದವನು ಅವನು. ಸಕಾಯಿ ಎಂಬ ವ್ಯಾಪಾರದ ಊರಿನಲ್ಲಿ 1522ರಲ್ಲಿ ಹುಟ್ಟಿ, ದೊಡ್ಡ ದೊಡ್ಡ ಸರದಾರರಿಗೆ ಚಹಾ ಕಲಿಸಿ, ಕಡೆಗೆ 1591ರಲ್ಲಿ ತೊಯೊತೊಮಿ ಹಿದೆಯೊಶಿಯ ಆಜ್ಞೆಗೆ ತನ್ನ ಹೊಟ್ಟೆ ತಾನೇ ಸೀಳಿಕೊಂಡು ಸತ್ತ. ಅಂಥವನು ಪಾರಿಶ್ವಾಡದಲ್ಲಿ ಹುಟ್ಟಿದ್ದರೆ ಬಾರಿಹಣ್ಣು ನೋಡುತ್ತಿದ್ದ, ಯುಜು ಹುಡುಕುತ್ತಿರಲಿಲ್ಲ. ಬ್ರೆಜಿಲ್, ಆಸ್ಟ್ರೇಲಿಯಾದಲ್ಲಿ ಈ ಚಹಾ ಮಾಡುವವರಿದ್ದಾರೆ. ಅವರಿಗೆ ಜುಲೈ ಎಂದರೆ ನಡುಚಳಿ. ಪಟ್ಟಿ ಹಿಡಿದು ಕೂತರೆ ಅವರ ಗತಿ ಏನು ಹೇಳು.

ಜಪಾನಿನಲ್ಲಿ ವರ್ಷವನ್ನು ಐದೈದು ದಿನದ 72 ತುಣುಕು ಮಾಡಿ, ಯಾವ ಹೂ ಬಿಟ್ಟಿತು, ಯಾವ ಹುಳ ಎದ್ದಿತು ಎಂದು ಒಂದೊಂದಕ್ಕೂ ಗುರುತು ಕೊಟ್ಟಿದ್ದಾರೆ. ಅದರ ಮೂಲ ಚೀನಾ. 1685ರಲ್ಲಿ ಶಿಬುಕಾವಾ ಶುಂಕಾಯಿ ಎಂಬ ಜ್ಯೋತಿಷಿ ಜಪಾನಿಗೆ ಹೊಸ ಪಂಚಾಂಗ ಕಟ್ಟಿಕೊಟ್ಟ ಮೇಲೆ ಚೀನದ ಗುರುತುಗಳನ್ನು ಬಿಟ್ಟು ತನ್ನ ನೆಲದ ಗುರುತು ಹಾಕಿದ. ಅವನಿಗಿದ್ದ ಧೈರ್ಯದಲ್ಲಿ ಸ್ವಲ್ಪ ನಮಗೂ ಇರಲಿ. ನಮ್ಮ ರೈತರ ಬಾಯಲ್ಲಿ ಹದಿಮೂರು, ಹದಿನಾಲ್ಕು ದಿನಕ್ಕೊಂದು ಮಳೆ ಇದೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಶುರುವಾಗಿ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ದಾಟಿ ಸ್ವಾತಿ, ವಿಶಾಖಕ್ಕೆ ಬರುವಷ್ಟರಲ್ಲಿ ಬಿತ್ತಿದ್ದು, ಎಡೆ ಹೊಡೆದದ್ದು, ಕೊಯ್ದದ್ದು ಎಲ್ಲ ಅದರೊಳಗೆ ಬಂತು. ಹೊಲಕ್ಕೆ ಸಾಕಾಗುವ ಲೆಕ್ಕ ನಿನ್ನ ಒಂದು ಬಟ್ಟಲಿಗೆ ಸಾಕಾಗುವುದಿಲ್ಲವೇ?

ನಾನು ಇಟ್ಟುಕೊಂಡ ಲೆಕ್ಕ ಹೇಳುತ್ತೇನೆ, ನೀನು ನಿನ್ನದು ಮಾಡಿಕೊ. ಸ್ವಾತಿ ಮಳೆ ಮುಗಿಯುವುದು ನವೆಂಬರ್ ಮೊದಲ ವಾರ. ಬೆಳಗಾವಿ ಸೀಮೆಗೆ ಚಳಿ ಕಾಲಿಡುವುದೂ ಆಗಲೇ. ಕ್ಯೋಟೊದವರು ರೊ ತೆರೆಯುವುದೂ ಆಗಲೇ. ವರ್ಷದಲ್ಲಿ ಎರಡು ಊರಿನ ಪಂಚಾಂಗ ಕೂಡುವ ಹೊತ್ತು ಅದು, ಖುಷಿಯಿಂದ ತೆರೆ. ಮುಚ್ಚುವಾಗ ಮಾತ್ರ ಏಪ್ರಿಲ್ ತನಕ ಕಾಯಬೇಡ. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಗುತ್ತದೆ, ಅದರ ಬೆನ್ನಿಗೇ ಬೆಂಕಿಯನ್ನು ಗೋಡೆಯ ಕಡೆಗೆ ಕಳಿಸು. ಹೋಳಿಯಿಂದ ರೋಹಿಣಿ ಮಳೆಯ ತನಕ ತಗ್ಗು ಬಟ್ಟಲಿನ ಕಾಲ. ಆಗ ಬೇಕಾದರೆ ತಣ್ಣೀರು ಪಾತ್ರೆಯ ಮೇಲೆ ಮುಚ್ಚಳದ ಬದಲು ಅಗಲ ಎಲೆ ಹಾಕುವ ಆ ಚೆಂದದ ಕ್ರಮವನ್ನೂ ಮಾಡು. ಅಲ್ಲಿ ಅದು ಜುಲೈ, ಆಗಸ್ಟಿನದು. ಇಲ್ಲಿ ಏಪ್ರಿಲ್‌ನಲ್ಲಿ ಮುತ್ತಲ ಎಲೆ ಹಾಕಿದರೆ, ಬಿಸಿಲಲ್ಲಿ ಬಂದವರಿಗೆ ನೀರಿನ ಹನಿ ಕಂಡೇ ಅರ್ಧ ದಣಿವು ಹೋಗುತ್ತದೆ. ಮೃಗಶಿರ ಹಿಡಿಯಿತೋ, ಶೇಗಡಿಯನ್ನು ನಡುವೆ ತಾ. ಅಕ್ಟೋಬರಿಗೆಂದು ಇಟ್ಟ ಆ ನಾಕಾಒಕಿಯನ್ನು ಇಲ್ಲಿ ಮೃಗಶಿರದಿಂದ ಹುಬ್ಬಿಯ ತನಕ ನಡೆಸು. ಬಟ್ಟಲು ಆಳದ್ದು, ದಪ್ಪ ಗೋಡೆಯದ್ದು. ಅಕ್ಟೋಬರಿನಲ್ಲಿ ಇಲ್ಲಿ ಮತ್ತೆ ಬಿಸಿಲು ಚುರುಗುಟ್ಟುತ್ತದಲ್ಲ, ಚಿತ್ತಿ ಮಳೆ ಸೆಕೆ ಎಬ್ಬಿಸಿದರೆ ಬೆಂಕಿ ಪುನಃ ಗೋಡೆಗೆ. ನೋಡು, ಇದರಲ್ಲಿ ಯಾವುದೂ ನಾನು ಕಟ್ಟಿದ್ದಲ್ಲ. ಎಲ್ಲ ಅವರ ಪೆಟ್ಟಿಗೆಯಿಂದಲೇ ತೆಗೆದದ್ದು, ತೆಗೆಯುವ ಹೊತ್ತನ್ನು ಮಾತ್ರ ನಮ್ಮ ಮಳೆ ಹೇಳುತ್ತದೆ.

ಬೆಂಕಿಯ ಮಾತು ಬಂದಾಗ ಇದೊಂದನ್ನು ಕಿವಿಗೆ ಕಟ್ಟಿಕೊ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಇದ್ದಿಲು ಉರಿಸಬೇಡ. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ, ಕೂತವರು ಕೂತಲ್ಲೇ ತೂಕಡಿಸಿ ಏಳದೆ ಹೋದಾರು. ಹಂಚಿನ ಸಂದಿ ಇದೆ, ಗಾಳಿ ಆಡುತ್ತದೆ ಎಂಬ ಧೈರ್ಯ ಬೇಡ. ವಿದ್ಯುತ್ತಿನ ಒಲೆಯ ಮೇಲೆ ಕಬ್ಬಿಣದ ಕೆಟಲ್ ಇಡು. ಜಪಾನಿನ ಎಷ್ಟೋ ಪಾಠದ ಮನೆಗಳಲ್ಲಿ ಅದೇ ಇದೆ, ನಾಚಿಕೊಳ್ಳುವುದೇನಿಲ್ಲ. ಕರೆಂಟು ಹೋಯಿತೇ (ಹೋಗೇ ಹೋಗುತ್ತದೆ), ಅಡುಗೆ ಮನೆಯ ಗ್ಯಾಸಿನಲ್ಲಿ ಕಾಯಿಸಿ ತಾ. ಇದ್ದಿಲು ಹೊಂದಿಸುವ ಪಾಠವನ್ನು ಬಾಗಿಲು ತೆರೆದಿಡಬಹುದಾದ ದಿನಗಳಿಗೆ ಇಟ್ಟುಕೊ.

ಮಳೆಗಾಲ ಈ ವಿದ್ಯೆಗೆ ವೈರಿ, ಖಾನಾಪುರ ತಾಲೂಕಿನ ಮಳೆಗಾಲವಂತೂ ಕೇಳಲೇಬೇಡ. ಕಡೆಯುವ ಬಿದಿರ ಚಾಸೆನ್ ಇದೆಯಲ್ಲ, ಒಂದೇ ತುಂಡು ಬಿದಿರನ್ನು ಕೂದಲೆಳೆಯಷ್ಟು ಸೀಳಿ ಮಾಡಿದ್ದು, ನಾರಾ ಸೀಮೆಯ ತಕಾಯಾಮಾದ ಮನೆತನಗಳು ತಲೆಮಾರಿನಿಂದ ಮಾಡುತ್ತ ಬಂದದ್ದು, ಅದು ಆರಿದ್ರ ಮಳೆಗೆ ವಾರದಲ್ಲಿ ಬೂಸು ಹಿಡಿಯುತ್ತದೆ. ಸಾಬೂನು ತಾಗಿಸಬೇಡ. ಬಿಸಿನೀರಿನಲ್ಲಿ ಅಲ್ಲಾಡಿಸಿ ತೊಳೆದು, ಎಳೆಗಳು ಒಳಗೆ ಮುದುಡದಂತೆ ಪಿಂಗಾಣಿ ಗೂಟಕ್ಕೆ ಸಿಕ್ಕಿಸಿ, ಗಾಳಿ ಆಡುವಲ್ಲಿ ಇಡು. ಕೊಂಡಾಗ ಬಂದ ಪ್ಲಾಸ್ಟಿಕ್ ಡಬ್ಬಿಗೆ ವಾಪಸು ಹಾಕಿದೆಯೋ, ಕೆಟ್ಟಿತೆಂದೇ ತಿಳಿ. ಪುಡಿ ತೆಗೆಯುವ ಬಿದಿರ ಚಮಚವನ್ನು ತೊಳೆಯುವುದೇ ಬೇಡ, ಒಣ ಬಟ್ಟೆಯಿಂದ ಒರೆಸು ಸಾಕು. ನಮ್ಮ ಹಸಿರು ಚಹಾ ಪುಡಿ, ಮಾಚಾ, ಅದನ್ನು ಫ್ರಿಜ್ಜಿನಲ್ಲಿಡು, ಆದರೆ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡ. ಹೊರಗಿನ ತೇವ ಒಳಗಿಳಿದು ಗಂಟು ಕಟ್ಟುತ್ತದೆ. ಕೋಣೆಯ ಹದಕ್ಕೆ ಬರಲಿ, ಆಮೇಲೆ ತೆಗೆದು ಜರಡಿ ಹಿಡಿ. ಒಬ್ಬರಿಗೆ ಎರಡು ಗ್ರಾಂ ಪುಡಿ, ಎಪ್ಪತ್ತು ಮಿಲಿಲೀಟರಿನ ಆಸುಪಾಸು ನೀರು. ಕುದಿಯುವ ನೀರಲ್ಲ, ಕುದಿ ಇಳಿದು ಎಂಬತ್ತು ಡಿಗ್ರಿಗೆ ಬಂದದ್ದು. ನೀರು ಬೋರ್‌ವೆಲ್ಲಿನದು ಬೇಡ, ಸವಳು ನೀರಿನಲ್ಲಿ ಮಾಚಾದ ರುಚಿ ಸತ್ತುಹೋಗುತ್ತದೆ. ಸಿಹಿನೀರ ಬಾವಿಯದನ್ನು ಹಿಂದಿನ ರಾತ್ರಿ ತುಂಬಿಟ್ಟು, ಕೆಳಗೆ ಕೂತ ಗಸಿಯನ್ನು ಅಲ್ಲಾಡಿಸದೆ ಬಸಿದುಕೊ.

ಇಷ್ಟೆಲ್ಲ ಕಿರಿಕಿರಿ ಇದ್ದರೂ, ಯವ್ವಾ, ನಾನು ಆರಿಸಿಕೊಳ್ಳುವುದಾದರೆ ಮಳೆಗಾಲವನ್ನೇ. 2018ರಲ್ಲಿ ಜಪಾನಿನಲ್ಲಿ ಒಂದು ಸಿನೆಮಾ ಬಂತು, ನೊರಿಕೊ ಮೊರಿಶಿತಾ ಎಂಬವರು ತಾವು ಚಹಾ ಕಲಿತದ್ದರ ಮೇಲೆ ಬರೆದ ಪುಸ್ತಕ ಆಧರಿಸಿದ್ದು. ಗುರುವಿನ ಪಾತ್ರ ಮಾಡಿದ ಕಿರಿನ್ ಕಿಕಿ ಅದು ತೆರೆಗೆ ಬರುವ ಮುಂಚೆಯೇ ತೀರಿಹೋದರು. ನೀನು ನೋಡಿರುತ್ತೀ. ಅದರಲ್ಲಿ ಹುಡುಗಿಗೆ ಎಷ್ಟೋ ವರ್ಷದ ಮೇಲೆ ಒಂದು ದಿನ ಮುಂಗಾರಿನ ಮಳೆಯ ಸಪ್ಪಳ ಬೇರೆ, ಶರತ್ಕಾಲದ ಮಳೆಯ ಸಪ್ಪಳ ಬೇರೆ ಎಂದು ಕಿವಿಗೆ ತಿಳಿಯುತ್ತದೆ. ಪಾರಿಶ್ವಾಡದಲ್ಲಿ ಅದನ್ನು ತಿಳಿಯಲು ಅಷ್ಟು ವರ್ಷ ಬೇಕಿಲ್ಲ. ಮೃಗಶಿರದ ಹನಿ ಹಂಚಿನ ಮೇಲೆ ಒದರುತ್ತದೆ, ಆಶ್ಲೇಷದ್ದು ಹಗಲು ರಾತ್ರಿ ಎನ್ನದೆ ಜಿಟಿಜಿಟಿ ಹಿಡಿದಿರುತ್ತದೆ, ಹಸ್ತದ್ದು ಸಿಡಿಲು ಹೊತ್ತು ಸಂಜೆಗೆ ಬರುತ್ತದೆ. ಅದಕ್ಕೇ ಹೇಳುತ್ತೇನೆ, ಮಾಳಿಗೆಯ ಹೊಸ ಸಿಮೆಂಟ್ ಕೋಣೆಯಲ್ಲಿ ಕೂರಬೇಡ. ಹಂಚಿನ ಕೆಳಗಿನ ಪಡಸಾಲೆಯಲ್ಲೇ ಕೂರು. ತಾತಾಮಿ ಚಾಪೆ ತರಿಸುವ ವಿಚಾರವಿದ್ದರೆ ಬಿಡು, ಈ ತೇವಕ್ಕೆ ಅದು ಒಂದು ಮಳೆಗಾಲ ತಡೆಯುವುದಿಲ್ಲ. ನವಲಗುಂದದ ಜಮಖಾನೆ ಹಾಸು. ಬಣ್ಣ ಜಾಸ್ತಿಯಾಯಿತು ಎನಿಸಿದರೆ ಕರಿ ಕಂಬಳಿ.

ಮಣ್ಣಿನ ವಿಷಯಕ್ಕೆ ನಾನು ಸುಮ್ಮನಿರುವವಳಲ್ಲ. ಖಾನಾಪುರದ ಮಣ್ಣು ಹಂಚಿಗೆ, ಇಟ್ಟಿಗೆಗೆ, ಮಡಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲೇ ಇದೆ, ದೂರದೂರಿನವರು ಬಂದು ಕಲಿತು ಹೋಗುತ್ತಾರೆ. ಮಗ್ಗುಲಲ್ಲೇ ಇಷ್ಟಿರುವಾಗ ನೀನು ಕೊರಿಯರ್‌ನಲ್ಲಿ ಬಟ್ಟಲು ತರಿಸುವುದು ನನಗೆ ಸರಿ ಕಾಣುವುದಿಲ್ಲ. ಊರ ಕುಂಬಾರನ ಬಟ್ಟಲು ಚಹಾಕ್ಕೆ ಕಡಿಮೆಯಾಯಿತೇ ಎಂದು ಅನುಮಾನವಿದ್ದರೆ ಕೇಳು. ಕ್ಯೋಟೊದ ದೈತೊಕುಜಿ ಮಠದ ಕೊಹೊಆನ್‌ನಲ್ಲಿರುವ ಕಿಜಾಎಮೊನ್ ಎಂಬ ಬಟ್ಟಲು ಜಪಾನಿನ ರಾಷ್ಟ್ರೀಯ ನಿಧಿ. ಅದು ಹುಟ್ಟಿದ್ದು ಕೊರಿಯಾದಲ್ಲಿ. ಬಡವರು ದಿನವೂ ಅನ್ನ ಉಣ್ಣುತ್ತಿದ್ದ ಬಟ್ಟಲು ಅದು ಎಂದು ಯಾನಾಗಿ ಸೊಯೆತ್ಸು ಎಂಬ ಬರಹಗಾರ ಅದನ್ನು ಕೈಯಲ್ಲಿ ಹಿಡಿದು ನೋಡಿ ಬರೆದ. ಇನ್ನು ರಿಕ್ಯೂ ತನಗೆ ಬೇಕಾದ ಬಟ್ಟಲನ್ನು ಹೇಳಿ ಮಾಡಿಸಿಕೊಂಡದ್ದು ಚೋಜಿರೊ ಎಂಬವನ ಹತ್ತಿರ. ಅವನದು ಮನೆ ಹಂಚಿನ ಕಸುಬು ಎಂದು ಪರಂಪರೆ ಹೇಳುತ್ತದೆ. ಅವನ ಕೈಯದೆಂದು ಗೊತ್ತಿರುವ ಎಲ್ಲಕ್ಕಿಂತ ಹಳೆಯ ಕೆಲಸ 1574ರ ಒಂದು ಮಣ್ಣಿನ ಸಿಂಹ. ರಾಕು ಎಂದು ಲೋಕವೆಲ್ಲ ಕೊಂಡಾಡುವ ಬಟ್ಟಲುಗಳು ಶುರುವಾದದ್ದು ಹೀಗೆ, ತಿಗರಿಯನ್ನೂ ಮುಟ್ಟದೆ ಕೈಯಲ್ಲೇ ತಟ್ಟಿ, ಕಡಿಮೆ ಕಾವಿನಲ್ಲಿ ಸುಟ್ಟು. ಕಾವು ಕಡಿಮೆ ಇದ್ದದ್ದರಿಂದಲೇ ಅದರ ಗೋಡೆ ಬಿಸಿಯನ್ನು ಬೇಗ ದಾಟಿಸುವುದಿಲ್ಲ. ಒಳಗೆ ಸುಡುವ ಚಹಾ ಇದ್ದರೂ ಅಂಗೈಗೆ ಹಿತವಾಗಿರುತ್ತದೆ.

ಕುಂಬಾರನಿಗೆ ಹೇಳುವಾಗ ಅಳತೆ ಹೇಳು: ಬಾಯಿ ಹನ್ನೆರಡು ಸೆಂಟಿಮೀಟರ್, ಚಾಸೆನ್ ಆಡುವಷ್ಟು ಒಳಗೆ ಜಾಗ, ತಳ ಗುಂಡಗೆ, ಮೂಲೆ ಇರಬಾರದು. ಜಪಾನಿನ ಫೋಟೊ ತೋರಿಸಿ 'ಹೀಗೇ ಮಾಡು' ಎನ್ನಬೇಡ, ಅವನ ಕೈಗೆ ಬರುವಂತೆ ಮಾಡಲಿ. ಮೆರುಗು ಕೊಡದ ಮಣ್ಣು ನೀರು ಕುಡಿಯುತ್ತದೆ, ಜಿನುಗುತ್ತದೆ. ಹೊಸ ಬಟ್ಟಲನ್ನು ಅಕ್ಕಿ ಗಂಜಿಯಲ್ಲಿ ಮೆಲ್ಲಗೆ ಕುದಿಸಿ, ಅದರಲ್ಲೇ ಆರಲು ಬಿಟ್ಟರೆ ಸಂದಿ ಮುಚ್ಚುತ್ತದೆ. ನಿನ್ನ ಆಯಿ ಹೊಸ ಗಡಿಗೆ ಪಳಗಿಸುತ್ತಿದ್ದುದು ಹೀಗೆ, ಜಪಾನಿನ ಹೆಂಗಸರು ಮಣ್ಣಿನ ಗಡಿಗೆ ಪಳಗಿಸುವುದೂ ಹೀಗೇ. ಪ್ರತಿ ಸಲ ಬಳಸುವ ಮೊದಲು ನೀರಲ್ಲಿ ನೆನೆಸು. ಬಳಸಿದ ಮೇಲೆ ಪೂರ್ತಿ ಒಣಗುವ ತನಕ ಪೆಟ್ಟಿಗೆಗೆ ಹಾಕಬೇಡ. ಹೊಳೆಯುವ ಅಗ್ಗದ ಮೆರುಗು ಹಾಕಿದ್ದು ಬೇಡವೇ ಬೇಡ, ಸೀಸ ಇದ್ದೀತು.

ಕುಂಬಾರನ ಮನೆಗೆ ಯಾವಾಗ ಹೋಗಬೇಕು ಎಂಬುದಕ್ಕೂ ಕಾಲ ಇದೆ. ನಮ್ಮ ಸೀಮೆಯಲ್ಲಿ ಮಳೆಗಾಲವೆಂದರೆ ಮಣ್ಣಿನ ಪೂಜೆಯ ಸಾಲು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಅವನ ಹಿಂದೆ ಜೋಕುಮಾರ. ಆ ದಿನಗಳಲ್ಲಿ ಅವರಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ, ಆವಿಗೆಗೆ ಒಣ ಸೌದೆಯೂ ಇಲ್ಲ. ಬಟ್ಟಲು ಬೇಕಿದ್ದರೆ ಸಂಕ್ರಾಂತಿ ಕಳೆದ ಮೇಲೆ ಹೋಗು. ಮುಂಗಡ ಕೊಡು. ಒಂದು ಬಟ್ಟಲಿಗೆ ಹತ್ತು ಒಡೆದರೆ ಹತ್ತರ ದುಡ್ಡೂ ಕೊಡು. ಚೌಕಾಶಿ ಮಾಡಿ ತಂದ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ತಲೆ ಬಾಗಿಸುವುದು ನಾಟಕವಾಗುತ್ತದೆ.

ಹೂವಿಗೆ ಬಂದರೆ ನಮ್ಮ ರೂಢಿಗೂ ಅವರ ರೂಢಿಗೂ ಜಗಳ ಬೀಳುತ್ತದೆ. ನಮಗೆ ಪರಿಮಳವಿಲ್ಲದಿದ್ದರೆ ಅದು ಹೂವೇ ಅಲ್ಲ. ಅಲ್ಲಿ ಗಾಢ ಪರಿಮಳದ ಹೂ, ಮುಳ್ಳಿನ ಹೂ ಚಹಾದ ಕೋಣೆಗೆ ನಿಷಿದ್ಧ, ಧೂಪಕ್ಕೂ ಚಹಾಕ್ಕೂ ಅಡ್ಡ ಬರುತ್ತದೆಂದು. ಇದರಲ್ಲಿ ಅವರ ಮಾತೇ ಸರಿ. ಮಲ್ಲಿಗೆ, ಕೇದಿಗೆ, ಸಂಪಿಗೆ ತಲೆಗೆ ಮುಡಿ, ಕೋಣೆಯೊಳಗೆ ಬೇಡ. ಬಿದಿರ ಕೊಳವಿಯಲ್ಲಿ ಒಂದೇ ಒಂದು, ಹೊಲದಲ್ಲಿ ಹೇಗೆ ನಿಂತಿತ್ತೋ ಹಾಗೆ. ಬೇಸಿಗೆಯಲ್ಲಿ ಅವರು ಇಡುವ ಮುಕುಗೆ ನಮ್ಮ ದಾಸವಾಳದ ಬಳಗದ್ದೇ. ಬಿಳಿಯ ಎಸಳು, ನಡುವೆ ಕೆಂಪು ಇರುವುದಕ್ಕೆ ರಿಕ್ಯೂನ ಮೊಮ್ಮಗ ಸೋತಾನ್‌ನ ಹೆಸರನ್ನೇ ಇಟ್ಟಿದ್ದಾರೆ. ಬೆಳಿಗ್ಗೆ ಅರಳಿ ಸಂಜೆಗೆ ಮುಗಿಯುವ ಹೂ. ದಾಸವಾಳ ನಮ್ಮ ಹಿತ್ತಲಲ್ಲಿ ವರ್ಷವಿಡೀ ಇದೆ, ಅದಕ್ಕೇ ಅದನ್ನು ಇಡಬೇಡ ಎನ್ನುತ್ತೇನೆ. ಯಾವ ಕಾಲದಲ್ಲೂ ಸಿಗುವುದು ಯಾವ ಕಾಲವನ್ನೂ ಹೇಳುವುದಿಲ್ಲ. ಶ್ರಾವಣದಲ್ಲಿ ತುಂಬೆ ಇಡು. ಬೇಲಿಯಲ್ಲಿ ಬೆಂಕಿಯ ಹಾಗೆ ಉರಿಯುವ ಗೌರಿ ಹೂ ಇಡು, ಕೈ ತೊಳೆದುಕೊ, ಅದರ ಗಡ್ಡೆ ವಿಷ. ಸ್ವಾತಿಯ ಹೊತ್ತಿಗೆ ಗುರೆಳ್ಳಿನ ಹಳದಿ. ಚಳಿಗೆ ಅಗಸಿಯ ನೀಲಿ ಹೂ, ಮಧ್ಯಾಹ್ನಕ್ಕೆ ಎಸಳು ಉದುರಿಸಿಬಿಡುತ್ತದೆ, ಆದ್ದರಿಂದ ಬೆಳಗಿನ ಚಹಾಕ್ಕೆ ಮಾತ್ರ. ಶಿವರಾತ್ರಿಗೆ ಮುತ್ತಲ. ಮೇ ತಿಂಗಳಲ್ಲಿ ಕಕ್ಕೆ. ಇದರಲ್ಲಿ ಒಂದಕ್ಕೂ ದುಡ್ಡು ಕೊಡಬೇಕಿಲ್ಲ, ಹೊಲದ ಬದುವಿನ ತನಕ ನಡೆಯಬೇಕು ಅಷ್ಟೇ.

ಸಿಹಿ ಮೊದಲು, ಚಹಾ ಆಮೇಲೆ ಎಂಬ ಕ್ರಮ ನಿನಗೆ ಗೊತ್ತು. ಕಹಿಗೆ ಬಾಯಿ ಸಿದ್ಧವಾಗಲಿ ಎಂದು. ಬೆಳಗಾವಿಯ ಕುಂದಾ ಒಳ್ಳೆಯದೇ, ಆದರೆ ಹಾಲಿನ ಜಿಡ್ಡು ನಾಲಗೆಗೆ ಹತ್ತಿದರೆ ಮಾಚಾ ತಿಳಿಯುವುದಿಲ್ಲ. ಅಡಕೆಯಷ್ಟು ಇಟ್ಟರೆ ಸಾಕು. ಪಂಚಮಿಗೆ ತಂಬಿಟ್ಟು, ಚಳಿಗೆ ಎಳ್ಳುಂಡೆ. ಸಂಕ್ರಾಂತಿಗೆ ಮಾತ್ರ ಕುಸುರೆಳ್ಳು ಬಿಟ್ಟು ಬೇರೆ ಯೋಚಿಸಬೇಡ. ಜಪಾನಿನಲ್ಲಿ ಕೊಂಪೇತೊ ಎಂಬ ಮುಳ್ಳುಮುಳ್ಳಿನ ಸಕ್ಕರೆ ಕಾಳು ಇದೆಯಲ್ಲ, ಅದನ್ನು ಪುಟ್ಟ ಸೀಸೆಯಿಂದ ಉದುರಿಸಿ ಚಹಾದ ಜೊತೆ ಕೊಡುತ್ತಾರೆ. ಅದು ಹೋದದ್ದು ಪೋರ್ಚುಗೀಜರ ಹಡಗಿನಲ್ಲಿ. ಪಾದ್ರಿ ಲೂಯಿಸ್ ಫ್ರೊಯಿಸ್ 1569ರಲ್ಲಿ ಒಡಾ ನೊಬುನಾಗ ಎಂಬ ಸರದಾರನಿಗೆ ಗಾಜಿನ ಸೀಸೆಯಲ್ಲಿ ಅದನ್ನು ಕಾಣಿಕೆ ಕೊಟ್ಟ. ಆ ಪಾದ್ರಿ ಜಪಾನಿಗೆ ಹೋಗುವ ಮೊದಲು ಓದಿದ್ದು ನಮ್ಮ ಘಟ್ಟದ ಕೆಳಗಿನ ಗೋವೆಯಲ್ಲಿ. ಸಣ್ಣ ಉರಿಯ ಮೇಲೆ, ಪಾಕವನ್ನು ಹನಿಹನಿಯಾಗಿ ಬಿಡುತ್ತ, ಕಾಳಿಗೆ ಮುಳ್ಳು ಬರುವ ತನಕ ಗಂಟೆಗಟ್ಟಲೆ ಆಡಿಸುವುದು ಎರಡಕ್ಕೂ ಒಂದೇ ಕೆಲಸ. ನಿನ್ನ ಅವ್ವ ಬೆರಳು ಸುಟ್ಟುಕೊಂಡು ಕುಸುರೆಳ್ಳು ಮಾಡುವುದನ್ನು ನೋಡಿದ್ದೀ. ಈ ಸಲ ಪಕ್ಕದಲ್ಲಿ ಕೂತು ಕಲಿ.

ಇಷ್ಟು ಹೇಳಿದ ಮೇಲೆ ಒಂದು ಬೇಲಿಯನ್ನೂ ಹಾಕುತ್ತೇನೆ. ಮಣ್ಣು ನಮ್ಮದು, ಹೂ ನಮ್ಮದು, ಮಳೆ ನಮ್ಮದು ಎಂದು ಹೇಳಿದ್ದಕ್ಕೆ ಕೈ ಸಡಿಲ ಬಿಡಬೇಡ. ಮಾಚಾಕ್ಕೆ ಯಾಲಕ್ಕಿ, ಬೆಲ್ಲ, ಹಾಲು ಹಾಕಿ ಹೊಸ ರುಚಿ ಎನ್ನುವವರ ಸಾಲಿಗೆ ಸೇರಬೇಡ. ಕೆಫೆಯವರು ಮಾಡಿಕೊಳ್ಳಲಿ, ಅವರಿಗೆ ಅದು ವ್ಯಾಪಾರ. ಬಟ್ಟೆ ಮಡಿಸುವುದು, ಸೌಟು ಇಳಿಸುವುದು, ಬಟ್ಟಲು ತಿರುಗಿಸುವುದು ನಿನ್ನ ಗುರು ತೋರಿಸಿದಂತೆಯೇ ಇರಲಿ, ನೀನು ಜಾಣೆ ಎಂದು ಒಂದು ಹೆಜ್ಜೆ ಕಡಿಮೆ ಮಾಡಬೇಡ. ಕ್ರಮ ಗಟ್ಟಿ ಇದ್ದರೇ ಅದರೊಳಗೆ ಕಾಲ ಬದಲಾದದ್ದು ಕಾಣುವುದು, ಎರಡೂ ಅಲ್ಲಾಡಿದರೆ ಯಾವುದೂ ಕಾಣುವುದಿಲ್ಲ. ಹಾಗೆಯೇ ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ನಮ್ಮಿಂದಲೇ ಅವರು ಕಲಿತರು ಎಂದು ಯಾರಾದರೂ ಎದೆ ತಟ್ಟಿದರೆ ತಲೆಯಾಡಿಸಬೇಡ. ಬೌದ್ಧ ಧರ್ಮ ಈ ನೆಲದಿಂದ ಹೋದದ್ದು ನಿಜ. ಒಂದು ಬಟ್ಟಲು ಚಹಾಕ್ಕೆ ಇಷ್ಟು ಶ್ರದ್ಧೆ ಕೂಡಿಸಿದ್ದು ಅವರೇ. ಸಾಲ ತಂದದ್ದನ್ನು ಸಾಲ ಎನ್ನಬೇಕು.

ಮಂಡಿ ನೋವಿನ ಮಾತು ನನಗೆ, ನಿನಗಲ್ಲ. ಆದರೂ ವಜ್ರಾಸನದಲ್ಲಿ ಕೂರಲಾಗದ ಹಿರಿಯರು ಬಂದರೆ ಮೇಜು ಕುರ್ಚಿಯ ಕ್ರಮ ಕಲಿತಿಟ್ಟುಕೊ. ಅದನ್ನು ಉರಾಸೆಂಕೆ ಎಂಬ ಚಹಾ ಮನೆತನದ ಹನ್ನೊಂದನೆಯ ಗುರು ಗೆಂಗೆನ್‌ಸಾಯಿ 1872ರ ಕ್ಯೋಟೊ ವಸ್ತುಪ್ರದರ್ಶನಕ್ಕೆ ಬಂದ ಪರದೇಶಿಗಳಿಗೆಂದು ಕಟ್ಟಿದ್ದ. ಎಲೆಯ ಮುಚ್ಚಳದ ಕ್ರಮವೂ ಅವನದೇ. ಹಳೆಯದನ್ನು ಬಲ್ಲವರು ಹೊಸದನ್ನು ಹೀಗೆ ಕೂಡಿಸಬಹುದು. ನೀನು, ನಾನು ಇನ್ನೂ ಆ ಮಟ್ಟದವರಲ್ಲ.

ಕಡೆಗೆ ಕರೆಯುವುದು ಯಾರನ್ನು? ಬೆಂಗಳೂರಿನಿಂದ ನಿನ್ನ ಜೊತೆಯವರು ಬಂದಾಗ ಮಾತ್ರ ಮಾಡುತ್ತೇನೆ ಎಂದರೆ ವರ್ಷಕ್ಕೆ ಎರಡು ಸಲ ಆದೀತು. ಓಣಿಯವರನ್ನು ಕರೆ. ಬಟ್ಟಲು ಮಾಡಿದ ಕುಂಬಾರನ ಮನೆಯವರನ್ನು ಮೊದಲು ಕರೆ. ಹೀಗೆ ಮಾಡಬೇಕು, ಹೀಗೆ ತಿರುಗಿಸಬೇಕು ಎಂದು ಅವರಿಗೆ ಪಾಠ ಹೇಳಬೇಡ, ನೀನು ಸರಿಯಾಗಿ ಮಾಡುತ್ತಾ ಹೋಗು, ಅವರಿಗೆ ಹೇಗೆ ಬರುತ್ತದೋ ಹಾಗೆ ಕುಡಿಯಲಿ. ಪುಡಿ ಸ್ವಲ್ಪ ಕಡಿಮೆ ಹಾಕು, ಮೊದಲ ಸಲ ಕುಡಿಯುವವರಿಗೆ ಹುಲ್ಲಿನ ವಾಸನೆ ಬಂದಂತಾಗುತ್ತದೆ. ಮಳೆ ಬಂದರೆ ವಾಪಸು ಹೋಗಲು ಎರಡು ಕೊಡೆ ಬಾಗಿಲ ಹಿಂದೆ ಇರಲಿ. ಸಕ್ಕರೆ ಎಲ್ಲಿ, ಹಾಲು ಎಲ್ಲಿ ಎಂದು ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, ಮೋರೆ ಸಣ್ಣದು ಮಾಡಿಕೊಳ್ಳಬೇಡ. ಎಲ್ಲ ಮುಗಿದು ಬಟ್ಟಲು ತೊಳೆದಿಟ್ಟ ಮೇಲೆ 'ಇನ್ನ ನಮ್ಮ ಚಾ ಮಾಡವಾ ತಂಗಿ' ಅಂತಾರೆ. ಶುಂಠಿ ಮೊದಲೇ ಜಜ್ಜಿ ಇಟ್ಟಿರು.